ಆಡಿಸುವ ಕೆಲಸಕ್ಕೊಂದು ಅರ್ಜಿ

“ಅಣ್ಣಾ, ಇಷ್ಟು ಓದಿ ಹುಡುಗರನ್ನ ಆಡಸೋ ಕೆಲಸಕ್ಕ ಅರ್ಜಿ ಹಾಕಬೇಕೇನು?” ಎಂದು ಪುಣೆಯಲ್ಲಿರುವ ನನ್ನ ತಂಗಿ ಕೇಳಿದಾಗ ನನ್ನಲ್ಲಿಯೂ ಉತ್ತರವಿರಲಿಲ್ಲ. ಅವಳ ಮಗಳು ಇಲ್ಲಿ ಮನಶ್ಶಾಸ್ತ್ರದ ಪದವಿ ಪಡೆದು, ಮೇಲಿನ ಓದಿಗೆಂದು ಅಮೆರಿಕೆಯ ಒಹಾಯೊ ಪ್ರಾಂತಕ್ಕೆ ಹೋದವಳು. ಅಲ್ಲಿ ಆರಿಸಿಕೊಂಡ ವೃತ್ತಿಗೆ ‘ಚೈಲ್ಡ್ ಲೈಫ್’ ಎಂದು ಹೆಸರು. ಮಕ್ಕಳು ಡಾಕ್ಟರು, ಇಂಜಿನಿಯರು ಎಂದರೆ ನಮ್ಮಲ್ಲಿ ಯಾರೂ ಮುಂದೆ ಕೇಳುವುದಿಲ್ಲ. ಇದನ್ನು ಮಾತ್ರ ಬಿಡಿಸಿ ಹೇಳಬೇಕಾಗುತ್ತದೆ.

ಆಸ್ಪತ್ರೆಗೆ ಸೇರಿದ ಮಗುವಿಗೆ ರೋಗವೊಂದೇ ಕಷ್ಟವಲ್ಲ. ಹೆದರಿಕೆಯೂ ಒಂದು ಕಷ್ಟವೇ. ಹಿಂದೆ ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ತಾಯ್ತಂದೆಯರಿಗೆ ಮಗುವಿನ ಬಳಿ ಇರಲು ಅವಕಾಶವೇ ಇರಲಿಲ್ಲ. ಹಾಗೆ ಒಂಟಿಯಾದ ಎರಡು ವರ್ಷದ ಹೆಣ್ಣುಮಗುವೊಂದರ ಸಂಕಟವನ್ನು ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಚಲನಚಿತ್ರವಾಗಿ ತೋರಿಸಿದರು. ಅಮೆರಿಕೆಯಲ್ಲಿ, ಇದೇ ಒಹಾಯೊದ ಕ್ಲೀವ್‌ಲೆಂಡ್ ನಗರದ ಆಸ್ಪತ್ರೆಯಲ್ಲಿ, ವಿಯೆನ್ನಾದಿಂದ ಬಂದಿದ್ದ ಎಮ್ಮಾ ಪ್ಲಾಂಕ್ ಎಂಬ ಶಿಕ್ಷಕಿ 1955ರಲ್ಲಿ ರೋಗಿ ಮಕ್ಕಳ ಆಟಕ್ಕೂ ಪಾಠಕ್ಕೂ ಒಂದು ವಿಭಾಗವನ್ನು ಆರಂಭಿಸಿದರು. ಈ ವೃತ್ತಿ ಬೆಳೆದುದು ಅಂಥ ಪ್ರಯತ್ನಗಳಿಂದ.

ಈ ಕೆಲಸದವರು ಔಷಧ ಕೊಡುವವರಲ್ಲ. ಸೂಜಿ ಚುಚ್ಚುವ ಮೊದಲು ಗೊಂಬೆಯ ಕೈಗೆ ಚುಚ್ಚಿ ತೋರಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ, ಮುಖಕ್ಕೆ ಇಡುವ ಮುಸುಕನ್ನು ಮಗುವಿನ ಕೈಗೇ ಕೊಟ್ಟು ಆಡಿಸುತ್ತಾರೆ. ಏನಾಗಲಿದೆಯೆಂಬುದನ್ನು ಮಗುವಿನ ವಯಸ್ಸಿಗೆ ತಕ್ಕ ಮಾತಿನಲ್ಲಿ, ಸುಳ್ಳಿಲ್ಲದೆ ಹೇಳುತ್ತಾರೆ.

ಈ ವೃತ್ತಿಯ ಪ್ರಮಾಣಪತ್ರ ಬೇಕಾದರೆ ಪದವಿ, ಪರೀಕ್ಷೆ ಇವುಗಳ ಜೊತೆಗೆ, ಅನುಭವಸ್ಥರ ಕೈಕೆಳಗೆ ಕನಿಷ್ಠ 600 ಗಂಟೆಗಳ ಕ್ಲಿನಿಕಲ್ ಇಂಟರ್ನ್‌ಷಿಪ್ ಮಾಡಲೇಬೇಕು. ವಾರಕ್ಕೆ 40 ಗಂಟೆಯಂತೆ ಹದಿನೈದು ವಾರ! ಹಲವೆಡೆ ಸಂಬಳವಿಲ್ಲ. ಒಂದೊಂದು ಆಸ್ಪತ್ರೆ ತೆಗೆದುಕೊಳ್ಳುವುದು ಒಬ್ಬಿಬ್ಬರನ್ನೋ ಕೆಲವರನ್ನೋ ಮಾತ್ರ. ಅರ್ಜಿ ಹಾಕುವವರು ಬಹಳ.

ನಮ್ಮ ಹುಡುಗಿಯ ಮೊದಲನೆಯ ಸಲದ ಅರ್ಜಿಗಳೆಲ್ಲ ತಿರಸ್ಕೃತವಾದವು. “ಚಿಕ್ಕಂದಿನಿಂದಲೂ ನನಗೆ ಮಕ್ಕಳೆಂದರೆ ಪ್ರೀತಿ” ಎಂದು ಆರಂಭಿಸಿ ಅಂಕಗಳನ್ನೂ ಬಹುಮಾನಗಳನ್ನೂ ಬರೆದಿದ್ದಳಂತೆ. ಅದನ್ನೋದಿದ ಅವಳ ಅಧ್ಯಾಪಕಿ, “ಇದರ ತುಂಬ ನೀನೇ ಇದ್ದೀಯೆ, ಮಗು ಎಲ್ಲಿದೆ?” ಎಂದರಂತೆ.

ಆ ರಾತ್ರಿ ಅವಳು ನನಗೆ ಫೋನು ಮಾಡಿದಳು. ಸಮಾಧಾನಕ್ಕೆಂದು ನನ್ನದೊಂದು ಹಳೆಯ ಕಥೆ ಹೇಳಿದೆ. ಆರು ವರ್ಷದವನಿದ್ದಾಗ ಟಾನ್ಸಿಲ್ ತೆಗೆಸಲು ಧಾರವಾಡದಲ್ಲಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. “ಐಸ್‌ಕ್ರೀಮ್ ತಿನ್ನಲಿಕ್ಕೆ ಹೋಗೋಣು” ಎಂದಿದ್ದ ಅಪ್ಪ ಬಾಗಿಲಲ್ಲೇ ಉಳಿದರು. ಒಳಗೆ ನಾಲ್ವರು ಹಿಡಿದುಕೊಂಡು ಮೂಗಿಗೆ ಮುಸುಕನ್ನು ಒತ್ತಿದರು. ರಬ್ಬರಿನ ಆ ವಾಸನೆ ಬಂದರೆ ಈಗಲೂ ನನ್ನ ಹೊಟ್ಟೆ ತೊಳಸುತ್ತದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಮಾ, ಅವತ್ತು ನಿನಗ ಏನು ಹೇಳಬೇಕಾಗಿತ್ತು?” ಎಂದು ಕೇಳಿದಳು.

ಅರುವತ್ತು ವರ್ಷಗಳಲ್ಲಿ ಯಾರೂ ಇದನ್ನು ನನಗೆ ಕೇಳಿರಲಿಲ್ಲ. “ನಿಜ ಹೇಳಿದ್ದರ ಸಾಕಾಗಿತ್ತವ್ವಾ. ಅಪ್ಪ ಹೊರಗೇ ಕೂತಿರ್ತಾನ ಅಂತ ಹೇಳಿದ್ದರ ಸಾಕಾಗಿತ್ತು” ಎಂದೆ. ಧ್ವನಿ ನಡುಗಿತು. ಆಡಿಸುವ ಕೆಲಸವೆಂದರೇನೆಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ.

ಎರಡನೆಯ ಸಲ ಅವಳು ಅರ್ಜಿಯಲ್ಲಿ ತನ್ನ ಪ್ರೀತಿಯನ್ನು ಬಣ್ಣಿಸಲಿಲ್ಲ. ಸ್ವಯಂಸೇವೆಗೆ ಹೋದಲ್ಲಿ ಕಂಡ ಒಬ್ಬ ಹುಡುಗನ ವಿಷಯವನ್ನು, ಹೆಸರು ಗುರುತು ಬಿಟ್ಟು, ಬರೆದಳು. ಆ ಹುಡುಗ ಏನು ಕೇಳಿದ, ತಾನು ಏನು ಹೇಳಿದೆ, ಎಲ್ಲಿ ತಪ್ಪಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಸಂದರ್ಶನಕ್ಕೆ ಕರೆ ಬಂತು. ಒಂದು ಆಸ್ಪತ್ರೆಯಲ್ಲಿ ಸ್ಥಾನವೂ ದೊರೆಯಿತು. ಸಂಬಳವಿಲ್ಲ. ಮದುವೆಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿಯನ್ನು ತಂಗಿ ಮುರಿಸಿದಳು. “ಮದುವಿ ಆಮ್ಯಾಲ ನೋಡೋಣು” ಎಂದಳು.

ಓದುಗ ಬಂಧುಗಳೇ, ನಮ್ಮೆಲ್ಲರ ಮನೆಯ ಮಕ್ಕಳೂ ಆ ವೃತ್ತಿಗೆ ಹೋಗಬೇಕಾದುದಿಲ್ಲ. ಆದರೆ ಮುಂದಿನ ಸಲ ಮಗುವನ್ನು ಚುಚ್ಚುಮದ್ದಿಗೆ ಕರೆದೊಯ್ಯುವಾಗ “ನೋವೇ ಆಗುವುದಿಲ್ಲ” ಎನ್ನಬೇಡಿ. “ಸ್ವಲ್ಪ ನೋಯುತ್ತದೆ, ನಾನು ಹತ್ತಿರವೇ ಇರುತ್ತೇನೆ” ಎನ್ನಿ. ಅಷ್ಟಕ್ಕೆ ಯಾವ ಅರ್ಜಿಯೂ ಬೇಡ.