ಹಾಸಿಗೆಯ ಅಡಿಯ ತೇವ

ಗಾಳಿಯ ತೇವಾಂಶವು ಶೇ. 80ನ್ನು ಮೀರುವ ಆಷಾಢ, ಶ್ರಾವಣಗಳಲ್ಲಿ ಮಲೆನಾಡಿನ ಮನೆಗಳಲ್ಲಿ ನೆಲದ ಮೇಲಣ ಹಾಸಿಗೆಯನ್ನು ಎತ್ತಿದರೆ ಕೆಳಗೆ ಬೂಷ್ಟು ಕಾಣುವುದುಂಟು. ಸೋರದ ಮನೆಯಲ್ಲಿಯೂ ಹೀಗಾಗುತ್ತದೆ. ಆ ನೀರು ಸೂರಿನಿಂದ ಬಂದುದಲ್ಲ, ಬಹುಪಾಲು ನಮ್ಮ ಮೈಯಿಂದಲೇ ಬಂದುದು. ನಿದ್ರೆಯಲ್ಲಿ ಹೊರಡುವ ಬೆವರಿನ ಆವಿಯು ಹಾಸಿಗೆಯೊಳಗೆ ಇಳಿದು, ತಣ್ಣನೆಯ ನೆಲದ ಬಳಿ ನೀರಾಗಿ ನಿಲ್ಲುತ್ತದೆ. ಕೆಲವರು ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅದು ನೆಲದ ತೇವವನ್ನು ತಡೆದರೂ ಮೈಯ ತೇವವನ್ನು ಅಲ್ಲಿಯೇ ಕಟ್ಟಿಹಾಕುತ್ತದೆ.

ಹಲಗೆಗಳ ನಡುವೆ ಸಂದಿರುವ ಮರದ ಮಂಚವೇ ಲೇಸು. ಅದಿಲ್ಲದವರು ಎದ್ದೊಡನೆ ಹಾಸಿಗೆಯನ್ನು ಮಡಿಸಿಡದೆ, ಗಾಳಿಯಾಡುವೆಡೆ ನಿಲ್ಲಿಸಬೇಕು. ಬಿಸಿಲು ಕಂಡ ದಿನ ಅಂಗಳಕ್ಕೆ ಹಾಕಬೇಕು. ಬೂಷ್ಟಿನ ಕಣಗಳು ಉಸಿರಿನೊಡನೆ ಒಳಹೊಕ್ಕು ಉಬ್ಬಸವನ್ನು ಕೆರಳಿಸುತ್ತವೆ. ಆದುದರಿಂದ ಬೂಷ್ಟು ಫೋಮಿನ ಒಳಕ್ಕೇ ಇಳಿದಿದ್ದರೆ, ಬೆಲೆಯನ್ನು ನೆನೆದು ಒರೆಸುತ್ತ ಕೂರದೆ ಆ ಹಾಸಿಗೆಯನ್ನು ಬಿಟ್ಟುಬಿಡುವುದೇ ಸರಿಯೆಂದು ನಾವು ಭಾವಿಸುತ್ತೇವೆ.