ಕಿರುದೋಣಿಯ ಆಸರೆಯ ಹಗ್ಗ

ದೋಣಿ ಮಗುಚಿದಾಗ ನೀರಿಗೆ ಬಿದ್ದವನಿಗೆ ಮೊದಲು ಬೇಕಾಗುವುದು ಹಿಡಿದುಕೊಳ್ಳಲು ಒಂದು ಆಸರೆ. ನೀರಿನಲ್ಲಿ ನೆನೆದ ನುಣುಪಾದ ಮೈಮೇಲೆ ಬೆರಳು ನಿಲ್ಲದು. ಕಯಾಕ್ ಎಂಬ ಕಿರುದೋಣಿಯ ಡೆಕ್ಕಿನ ಅಂಚಿನುದ್ದಕ್ಕೂ ಹಗ್ಗವನ್ನು ಬಿಗಿದಿರುವುದು ಈ ಕಾರಣದಿಂದಲೇ.

ಕಯಾಕ್ ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಮೊದಲಾದ ಜನಾಂಗಗಳ ಕೊಡುಗೆ. ಕಡಲು ದಡಕ್ಕೆ ತಂದ ಮರದಿಂದ ಚೌಕಟ್ಟು ಮಾಡಿ, ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ, ಮೇಲೆ ಬಿಗಿದ ಚರ್ಮದ ಪಟ್ಟಿಗಳಲ್ಲಿ ಬೇಟೆಯ ಆಯುಧಗಳನ್ನು ಸಿಕ್ಕಿಸುತ್ತಿದ್ದರು. ಇಂದು ಯೂರೋಪು, ಅಮೆರಿಕಗಳ ಹವ್ಯಾಸಿಗಳು ಪ್ಲೈವುಡ್ ಹಾಳೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಎಪಾಕ್ಸಿ ಅಂಟಿನಿಂದ ಬೆಸೆದು, ಮನೆಯಲ್ಲಿಯೇ ಕಯಾಕ್ ಕಟ್ಟುವುದುಂಟು. ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ದೋಣಿ ಕಟ್ಟಿದ ನಮ್ಮ ಪಶ್ಚಿಮ ಕರಾವಳಿಗೆ ಈ ವಿದ್ಯೆ ತೀರ ಅಪರಿಚಿತವೇನಲ್ಲ.

ಎಪಾಕ್ಸಿ ಲೇಪದ ರಕ್ಷಣೆಯಲ್ಲಿ ಮರದ ಒಡಲು ದೀರ್ಘಕಾಲ ಬಾಳುತ್ತದೆ. ಮೇಲಣ ಬಿಡಿಭಾಗಗಳ ಆಯುಷ್ಯವಾದರೋ ಅಲ್ಪ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಎಲಾಸ್ಟಿಕ್ ಹುರಿ ಬಿಗಿ ಕಳೆದುಕೊಳ್ಳುತ್ತದೆ. ಉಪ್ಪುನೀರು ಹಿತ್ತಾಳೆಯ ತಿರುಪಿನಲ್ಲಿರುವ ಸತುವನ್ನು ಕರಗಿಸಿ ಅದನ್ನು ಪೆಡಸಾಗಿಸುತ್ತದೆ. ಇದನ್ನೇ ವಾಣಿಜ್ಯಶಾಸ್ತ್ರದಲ್ಲಿ ಸವಕಳಿ ಎನ್ನುವರು. ಸವಕಳಿಯನ್ನು ಲೆಕ್ಕಕ್ಕೆ ಹಿಡಿಯದ ವ್ಯಾಪಾರಿ ಲಾಭವೆಂದು ಭ್ರಮಿಸಿ ಮೂಲಧನವನ್ನೇ ಉಣ್ಣುತ್ತಾನೆ.

ಈ ಬಿಡಿಭಾಗಗಳನ್ನು ಬದಲಿಸುವಾಗ ಹೆಚ್ಚು ಗಮನಿಸಬೇಕಾದುದು ತಿರುಪು ಕೂತಿದ್ದ ರಂಧ್ರವನ್ನು. ಅದರ ಮೂಲಕ ಒಳಸೇರಿದ ನೀರು ಪ್ಲೈವುಡ್ಡಿನ ಪದರಗಳಲ್ಲಿ ಹರಡಿ ಕೊಳೆತಕ್ಕೆ ದಾರಿ ಮಾಡುತ್ತದೆ. ರಂಧ್ರದ ಸುತ್ತ ಮರ ಕಪ್ಪಾಗಿದ್ದರೆ, ಒತ್ತಿದಾಗ ಮೆತ್ತಗಿದ್ದರೆ, ಹೊಸ ತಿರುಪು ಹಾಕಿ ಪ್ರಯೋಜನವಿಲ್ಲ. ಕೆಟ್ಟ ಭಾಗವನ್ನು ತೆಗೆದು, ಮರವನ್ನು ಪೂರ್ಣವಾಗಿ ಒಣಗಿಸಬೇಕು. ರಂಧ್ರವನ್ನು ತುಸು ಹಿಗ್ಗಿಸಿ, ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ತುಂಬಬೇಕು. ಅದು ಗಟ್ಟಿಯಾದ ಮೇಲೆ ನಡುವೆ ಹೊಸ ರಂಧ್ರ ಕೊರೆದರೆ, ತಿರುಪಿನ ಸುತ್ತ ಮರದ ಬದಲು ನೀರು ಹೊಗದ ಗೋಡೆಯಿರುತ್ತದೆ. ಸಮುದ್ರದ ಬಳಕೆಗೆ ಮಾಲಿಬ್ಡಿನಮ್ ಬೆರೆತ 316ನೆಯ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಉತ್ತಮ. ತೆಳುವಾದ ಡೆಕ್ಕಿನ ಒಳಬದಿಗೆ ಒಂದು ಮರದ ತುಂಡನ್ನು ಅಂಟಿಸಿದರೆ ಎಳೆತದ ಭಾರ ಹಂಚಿಹೋಗುತ್ತದೆ.

ಎಲಾಸ್ಟಿಕ್ ಹುರಿಯ ಕೆಲಸ ನಕ್ಷೆ, ಬಿಡಿ ಹುಟ್ಟು ಮೊದಲಾದುವನ್ನು ಹಿಡಿದಿಡುವುದು ಮಾತ್ರ. ಮನುಷ್ಯ ಹಿಡಿಯುವ ಹಗ್ಗ ಹಿಗ್ಗದಂತಹದಾಗಿರಬೇಕು. ಬೆರಳು ತೂರುವಷ್ಟು ಸಡಿಲವಿರಬೇಕು, ಕೈಕಾಲು ಸಿಕ್ಕಿಕೊಳ್ಳುವಷ್ಟು ಸಡಿಲವಿರಬಾರದು. ತಣ್ಣೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಬೆರಳುಗಳು ಮರಗಟ್ಟುವುದರಿಂದ ಈ ವಿವರವನ್ನು ಅಲ್ಪವೆಂದು ತಿಳಿಯಕೂಡದು.

ದುರಸ್ತಿ ಮಾಡುವವನ ಆರೋಗ್ಯವೂ ಮುಖ್ಯ. ಹಸಿ ಎಪಾಕ್ಸಿ ಚರ್ಮಕ್ಕೆ ತಗಲುತ್ತಿದ್ದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಆದುದರಿಂದ ನೈಟ್ರೈಲ್ ಕೈಗವಸು ಧರಿಸಿ, ಗಾಳಿಯಾಡುವಲ್ಲಿ ಕೆಲಸ ಮಾಡಬೇಕು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶ ಸೇರದಂತೆ ತಕ್ಕ ಮುಖವಾಡ ಅವಶ್ಯ. ಮೈಗಂಟಿದುದನ್ನು ತೊಳೆಯಲು ಸೋಪುನೀರು ಲೇಸು, ದ್ರಾವಕಗಳು ಸಲ್ಲವು.

ಕೆಲಸ ಮುಗಿದ ಮೇಲೆ ಪ್ರತಿಯೊಂದು ಕುಣಿಕೆಯನ್ನೂ ಬಲವಾಗಿ ಎಳೆದು ನೋಡಬೇಕು. ಅನಂತರ ತೇಲುಕವಚ ತೊಟ್ಟು, ಜೊತೆಗಾರನೊಬ್ಬನಿರುವಾಗ, ಎದೆಮಟ್ಟದ ನೀರಿನಲ್ಲಿ ದೋಣಿಯನ್ನು ಬೇಕೆಂದೇ ಮಗುಚಿ ಹಗ್ಗ ಹಿಡಿದು ಅಭ್ಯಾಸ ಮಾಡಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆಂದು ಹಿರಿಯರು ಕೇಳಿದ್ದಾರೆ. ದಡದಲ್ಲಿ ಒಂದು ಸಂಜೆಯಲ್ಲಿ ಮುಗಿಯುವ ಕೆಲಸವನ್ನು ಮುಂದೂಡಿದವನು, ನಡುನೀರಿನಲ್ಲಿ ಅದಕ್ಕೆ ಪ್ರಾಣವನ್ನೇ ತೆರಬೇಕಾದೀತು.