ಇಂಗ್ಲಿಷ್ ಕವಿತೆಯೂ ಗದುಗಿನ ವಿದ್ಯಾರ್ಥಿಯೂ



ಇಂಗ್ಲಿಷ್ ಸಾಹಿತ್ಯದ ಪರೀಕ್ಷೆ ಹತ್ತಿರ ಬಂದಿತೆಂದರೆ ವಿದ್ಯಾರ್ಥಿಗಳ ಕೈಯಲ್ಲಿ ಮೂಲಗ್ರಂಥಕ್ಕಿಂತ ಟಿಪ್ಪಣಿಯ ಪುಸ್ತಕವೇ ಹೆಚ್ಚಾಗಿ ಕಾಣುವುದು. ಅಲಂಕಾರಗಳ ಹೆಸರು, ಅವುಗಳ ಲಕ್ಷಣ, ಕಡೆಗೆ ಹತ್ತಾರು ಸಿದ್ಧ ಪ್ರಬಂಧಗಳು, ಇಷ್ಟನ್ನು ಬಾಯಿಪಾಠ ಮಾಡಿದರೆ ದಡ ಸೇರಿದಂತೆಯೇ ಎಂದು ಅವರ ನಂಬಿಕೆ. ಈ ನಂಬಿಕೆ ಎಷ್ಟು ದುರ್ಬಲವಾದುದೆಂಬುದನ್ನೂ, ಅದರ ಬದಲು ಹಿಡಿಯತಕ್ಕ ದಾರಿ ಯಾವುದೆಂಬುದನ್ನೂ ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಕೆಲವು ವರ್ಷಗಳ ಕೆಳಗೆ ಬೆಟಗೇರಿಯ ನೇಕಾರ ಮನೆತನದ ಹುಡುಗನೊಬ್ಬನು ನನ್ನ ತರಗತಿಯಲ್ಲಿದ್ದನು. ಇಂಗ್ಲಿಷಿನಲ್ಲಿ ಎರಡು ಸಲ ಅನುತ್ತೀರ್ಣನಾಗಿದ್ದನು. ಮೂರನೆಯ ಸಲವೂ ಹಾಗೆಯೇ ಆದರೆ ಓದು ಬಿಟ್ಟು ಮಗ್ಗಕ್ಕೆ ಕೂಡಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವನ ಉತ್ತರವನ್ನು ತರಿಸಿ ನೋಡಿದೆನು. ಮೊದಲ ಸಾಲಿನಲ್ಲಿ ಉಪಮೆ, ಮೂರನೆಯದರಲ್ಲಿ ರೂಪಕ, ಐದನೆಯದರಲ್ಲಿ ಅನುಪ್ರಾಸ ಎಂದು ಬರೆದಿದ್ದನು. ಎಲ್ಲವೂ ಸರಿಯೇ, ಆದರೆ ಕವಿತೆಯ ವಿಷಯವಾಗಿ ಒಂದು ಮಾತೂ ಇರಲಿಲ್ಲ. "ಹೆಸರೆಲ್ಲಾ ಬರದೀನಲ್ರೀ ಸರ, ಮತ್ಯಾಕ ಮಾರ್ಕ್ಸ್ ಬರ್ಲಿಲ್ಲ?" ಎಂದು ಕೇಳಿದನು. ನಾನು ಉತ್ತರ ಹೇಳದೆ, ಮನೆಯ ಮಗ್ಗ ಹೇಗೆ ನಡೆದಿದೆಯೆಂದು ವಿಚಾರಿಸಿದೆನು. "ಹಳೇದಾಗೈತ್ರೀ ಸರ. ಈಗೀಗ ಕೆಮ್ಮಾಕ ಹತ್ತೈತಿ" ಎಂದನು.

ಅವನಿಗೆ ಅರಿವಿಲ್ಲದೆಯೇ ಬಾಯಿಂದ ರೂಪಕ ಹೊರಟಿತ್ತು! ಮಗ್ಗವು ಕೆಮ್ಮುವುದಿಲ್ಲ, ಮನೆಯ ಹಿರಿಯನು ಕೆಮ್ಮುವನು. ಮಗ್ಗವು ಮುದಿಯಾಗಿದೆ, ಅದು ಮನೆಯವರಲ್ಲಿ ಒಬ್ಬನಂತಿದೆ, ಅದು ನಿಂತರೆ ಮನೆಯ ಗತಿಯೇನು ಎಂಬ ಭಯವಿದೆ. ಇಷ್ಟೂ ಆ ಒಂದು ಕ್ರಿಯಾಪದದೊಳಗೆ ಅಡಗಿದೆ. ಅಲಂಕಾರದ ಹೆಸರು ಕೇವಲ ಗುರುತು. ಅದು ಮಾಡುವ ಕೆಲಸವೇ ಅರ್ಥ. ಪರೀಕ್ಷಕನು ಕೇಳುವುದು ಈ ಕೆಲಸವನ್ನು. ಇಂಥ ಆಡುಮಾತಿಗೆ ಯಾರೂ ನಾಚಬೇಕಾದುದಿಲ್ಲ. 9ನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಪುಲಿಗೆರೆಯು ಈಗಿನ ಲಕ್ಷ್ಮೇಶ್ವರವೇ ಆಗಿದೆ.

ಉಪಮೆಗೆ ನಾಲ್ಕು ಅಂಗಗಳೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. "ಮುಖವು ಎಲೆಯಂತೆ ಬಾಡಿತು" ಎಂದಾಗ ಮುಖವು ಉಪಮೇಯ, ಎಲೆಯು ಉಪಮಾನ, ಬಾಡುವಿಕೆ ಸಮಾನಧರ್ಮ, 'ಅಂತೆ' ಎಂಬುದು ವಾಚಕಪದ. ಉಪಮೇಯವೂ ಉಪಮಾನವೂ ಬೇರೆಯಲ್ಲ, ಒಂದೇ ಎಂದರೆ ರೂಪಕವಾಗುವುದು. ಇದನ್ನು ಹಿಡಿದು ಇಂಗ್ಲಿಷ್ ಕವಿತೆಯನ್ನು ಓದಬಹುದು. ಆದರೆ ಒಂದು ಎಚ್ಚರಿಕೆ ಬೇಕು. 1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ಸಾನೆಟ್ಟುಗಳಲ್ಲಿ 18ನೆಯದು, ಪ್ರಿಯವ್ಯಕ್ತಿಯನ್ನು ಬೇಸಿಗೆಯ ದಿನಕ್ಕೆ ಹೋಲಿಸುವ ವಿಚಾರದಿಂದ ಮೊದಲಾಗುತ್ತದೆ. ಬಿಸಿಲಿಗೆ ಎರೆಹೊಲ ಬಿರಿಯುವುದನ್ನು ಕಂಡ ಮುಂಡರಗಿಯ ಹುಡುಗನಿಗೆ ಇದು ಬೈಗುಳವಾಗಿ ಕೇಳಿಸೀತು! ದೀರ್ಘವಾದ ಚಳಿಯ ತರುವಾಯ ಬರುವ ಇಂಗ್ಲೆಂಡಿನ ಬೇಸಿಗೆಯಾದರೋ ಸೌಮ್ಯವಾದುದು, ಎಲ್ಲರಿಗೂ ಬೇಕಾದುದು. ಆದುದರಿಂದ ಉಪಮಾನಕ್ಕೆ ಕವಿಯ ನಾಡಿನಲ್ಲಿ ಏನು ಬೆಲೆಯೆಂಬುದನ್ನು ಮೊದಲು ಕೇಳಿಕೊಳ್ಳತಕ್ಕದ್ದು. ಮುಂದೆ ಕವಿಯು ಆ ಬೇಸಿಗೆಯೂ ಅಲ್ಪಕಾಲದ್ದೆಂದು ತೋರಿಸಿ ಉಪಮೇಯವನ್ನೇ ಮೇಲಕ್ಕೇರಿಸುತ್ತಾನೆ. ಇದನ್ನು ನಾವು ವ್ಯತಿರೇಕವೆನ್ನುತ್ತೇವೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನಿಗೆ 'ರೂಪಕ ಸಾಮ್ರಾಜ್ಯ ಚಕ್ರವರ್ತಿ' ಎಂಬ ಬಿರುದುಂಟು. ಆತನ ಊರಿನ ಮಕ್ಕಳು ರೂಪಕವೆಂಬುದು ಕಡಲಾಚೆಯಿಂದ ಬಂದ ವಸ್ತುವೆಂದು ಹೆದರುವುದು ವಿಚಿತ್ರವಲ್ಲವೆ?

ಇನ್ನು ಛಂದಸ್ಸು. ಭಾಮಿನಿ ಷಟ್ಪದಿಯಲ್ಲಿ ನಾವು ಮಾತ್ರೆಗಳನ್ನು ಎಣಿಸುತ್ತೇವೆ: 1, 2, 4, 5ನೆಯ ಸಾಲುಗಳಲ್ಲಿ 14, 3 ಮತ್ತು 6ನೆಯದರಲ್ಲಿ 23. ಸಾನೆಟ್ಟಿನಲ್ಲಿ 14 ಸಾಲು. ಸಾಲಿಗೆ ಸಾಮಾನ್ಯವಾಗಿ ಹತ್ತು ಉಚ್ಚಾರಾಂಶ, ಅವುಗಳಲ್ಲಿ ಐದರ ಮೇಲೆ ಒತ್ತು. ನಮ್ಮ ಪ್ರಾಸವು ಸಾಲಿನ ಎರಡನೆಯ ಅಕ್ಷರದಲ್ಲಿ ಕುಳಿತಿತ್ತು. ಅವರದು ಸಾಲಿನ ಕೊನೆಯಲ್ಲಿ. ಮಿಲ್ಟನ್ ಕವಿಯು 1667ರ ತನ್ನ ಮಹಾಕಾವ್ಯದಲ್ಲಿ ಪ್ರಾಸವನ್ನೇ ಕೈಬಿಟ್ಟನು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತ್ಯಜಿಸಿದರು. 1926ರ 'ಇಂಗ್ಲಿಷ್ ಗೀತಗಳು' ಸಂಗ್ರಹದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಆಂಗ್ಲ ಕವಿತೆಗಳಿಗೆ ಕನ್ನಡದ ನಡಿಗೆಯನ್ನು ಕಲಿಸಿದರು. ಎರಡು ಸಾಹಿತ್ಯಗಳನ್ನು ಹೀಗೆ ಅಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ ಲಕ್ಷಣವು ಬಾಯಿಪಾಠವಿಲ್ಲದೆಯೇ ನೆನಪಿನಲ್ಲಿ ನಿಲ್ಲುವುದು.

ಪ್ರಬಂಧದ ಮಾತೂ ಇದೇ. ಫ್ರಾನ್ಸಿನ ಮೊಂಟೇನನು 1580ರಲ್ಲಿ ತನ್ನ ಬರಹಗಳಿಗೆ 'ಪ್ರಯತ್ನ' ಎಂಬರ್ಥದ ಹೆಸರನ್ನಿಟ್ಟನು. 1597ರಲ್ಲಿ ಬೇಕನ್ನನು ಅದನ್ನು ಇಂಗ್ಲಿಷಿಗೆ ತಂದನು. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಚಾರ್ಲ್ಸ್ ಲ್ಯಾಮನು ತನ್ನ ದಿನದಿನದ ಅನುಭವದಿಂದಲೇ ಪ್ರಬಂಧಗಳನ್ನು ಕಟ್ಟಿದನು. ನಮ್ಮಲ್ಲಿ ಎ. ಎನ್. ಮೂರ್ತಿರಾಯರ 'ಹಗಲುಗನಸುಗಳು' 1937ರಲ್ಲಿ ಬಂದಿತು. ಪ್ರಯತ್ನವೆಂದ ಮೇಲೆ ಅದು ನಮ್ಮದೇ ಆಗಿರಬೇಕಷ್ಟೆ. 'ಜಾತ್ರೆಗಳು' ಎಂಬ ವಿಷಯ ಬಂದರೆ ಲೋಕದ ಜಾತ್ರೆಗಳನ್ನೆಲ್ಲ ಹೊರಬೇಡಿರಿ. ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಯೊಂದನ್ನೇ ಹಿಡಿಯಿರಿ. ಕಣ್ಣಾರೆ ಕಂಡ ಹತ್ತು ಸಂಗತಿಗಳನ್ನು ಬರೆದುಕೊಳ್ಳಿರಿ. ಅವುಗಳಿಂದ ಹೇಳಬೇಕಾದ ಒಂದು ಮಾತನ್ನು ಗೊತ್ತುಮಾಡಿರಿ. ಆ ಮಾತಿಗೆ ಬೇಡವಾದುದನ್ನು ಹೊಡೆದುಹಾಕಿ, ಒಂದು ವಾಕ್ಯವೃಂದಕ್ಕೆ ಒಂದೇ ಹೆಜ್ಜೆಯಂತೆ ನಡೆಯಿರಿ. ಟಿಪ್ಪಣಿಯಿಂದ ಎರವು ತಂದ ದೊಡ್ಡ ವಾಕ್ಯಗಳನ್ನು ನಡುವೆ ಸೇರಿಸಕೂಡದು. ಗದಗಿಗೆ ಸಮೀಪದ ಮುಳುಗುಂದದ ನಯಸೇನನು 1112ರ ಧರ್ಮಾಮೃತದಲ್ಲಿ, ಕನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ತುಂಬುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಹಾಸ್ಯಮಾಡಿದ್ದಾನೆ. ಎರಡೂ ಒಳ್ಳೆಯವೇ, ಬೆರೆತರೆ ಎರಡೂ ಕೆಡುವುವು.

ಆ ಹುಡುಗನು ಮೂರನೆಯ ಸಲ ಪರೀಕ್ಷೆಗೆ ಕುಳಿತು ತೇರ್ಗಡೆಯಾದನು. ಅಂಕಗಳೇನೂ ಹೆಚ್ಚಾಗಿರಲಿಲ್ಲ. ತಮ್ಮ ಮನೆಯ ಮಗ್ಗದ ಮೇಲೆ ಪ್ರಬಂಧ ಬರೆದೆನೆಂದೂ, ಕೆಮ್ಮಿಗೆ ಇಂಗ್ಲಿಷ್ ಮಾತು ಒಡನೆಯೇ ಸಿಕ್ಕಿತೆಂದೂ ಬಂದು ಹೇಳಿದನು. ತಮ್ಮ ಮನೆಗಳಲ್ಲಿಯೂ ಟಿಪ್ಪಣಿ ಹಿಡಿದು ಕುಳಿತ ಮಕ್ಕಳಿದ್ದಾರು. "ಎಷ್ಟು ಪುಟ ಬಾಯಿಗೆ ಬಂದಿತು?" ಎಂದು ಅವರನ್ನು ಕೇಳುವುದಕ್ಕೆ ಬದಲಾಗಿ, "ಈ ಮಾತು ಇಲ್ಲಿ ಏನು ಕೆಲಸ ಮಾಡುತ್ತದೆ?" ಎಂದು ಒಂದು ಸಲ ಕೇಳಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.